ಎಲ್ಲ ತುರಿಕೆಯೂ ಅಲರ್ಜಿಯಲ್ಲ

ಚರ್ಮದ ಕಾಯಿಲೆಯ ಬಗ್ಗೆ ನಮ್ಮಲ್ಲಿ ಒಂದು ನಂಬಿಕೆ ಬೇರುಬಿಟ್ಟಿದೆ. ಅದು ಮೇಲುಮೇಲಿನ ಕಾಯಿಲೆ, ಅದಕ್ಕೆ ಹೆಸರು ಬೇಕಿಲ್ಲ, ಹಚ್ಚಲು ಒಂದು ಟ್ಯೂಬು ಇದ್ದರೆ ಸಾಕು ಎಂಬುದೇ ಆ ನಂಬಿಕೆ. ಜ್ವರ ಬಂದರೆ ಮಲೇರಿಯವೋ ಡೆಂಗಿಯೋ ಟೈಫಾಯ್ಡೋ ಎಂದು ವಿಚಾರಿಸುವವರು, ರಕ್ತಪರೀಕ್ಷೆಗೆ ಸಾಲುಗಟ್ಟಿ ನಿಲ್ಲುವವರು, ತೊಡೆಸಂದಿಯಲ್ಲಿ ಕೆಂಪು ಚಕ್ರ ಎದ್ದಾಗ ಮಾತ್ರ ನೇರವಾಗಿ ಮೆಡಿಕಲ್ ಶಾಪಿಗೆ ಹೋಗಿ ‘ಅಲರ್ಜಿ ಆಗಿದೆ, ಏನಾದರೂ ಕೊಡಿ’ ಎನ್ನುತ್ತಾರೆ. ಎಲ್ಲಿ ಎದ್ದಿದೆ, ಎಷ್ಟು ದಿನವಾಯಿತು, ಮನೆಯಲ್ಲಿ ಇನ್ನೊಬ್ಬರಿಗೂ ಇದೆಯೇ ಎಂದು ಅಂಗಡಿಯವರು ಕೇಳುವುದಿಲ್ಲ. ಅನೇಕ ಕ್ಲಿನಿಕ್ಕುಗಳಲ್ಲೂ ‘ಸ್ಕಿನ್ ಇನ್ಫೆಕ್ಷನ್’ ಎಂಬ ಎರಡು ಪದಗಳಿಗೆ ಮಾತು ಮುಗಿಯುತ್ತದೆ.

ಈ ರೂಢಿಯನ್ನು ಸಮರ್ಥಿಸುವವರಿಗೇನೂ ಕೊರತೆಯಿಲ್ಲ. ಹೆಸರುಗಳೆಲ್ಲ ವೈದ್ಯರ ಪಾಡಿಗೆ ಇರಲಿ, ರೋಗಿಗೆ ಬೇಕಾದದ್ದು ಗುಣ. ಲ್ಯಾಟಿನ್ ಹೆಸರು ಹೇಳಿದರೆ ಅರ್ಥವಾಗದು, ಕನ್ನಡದಲ್ಲಿ ಹೇಳೋಣವೆಂದರೆ ಸರಿಯಾದ ಪದವಿಲ್ಲ ಎಂದು ಅವರು ವಾದಿಸುತ್ತಾರೆ. ಕೇಳುವುದಕ್ಕೆ ವ್ಯವಹಾರಜ್ಞಾನದಂತಿರುವ ಈ ವಾದ ಬುಡದಿಂದಲೇ ತಪ್ಪು. ಚರ್ಮರೋಗದಲ್ಲಿ ಹೆಸರು ತಪ್ಪಿದರೆ ಔಷಧ ತಪ್ಪುತ್ತದೆ. ಔಷಧ ತಪ್ಪಿದರೆ ರೋಗ ವಾಸಿಯಾಗದೆ ಉಳಿಯುವುದಷ್ಟೇ ಅಲ್ಲ, ಹಲವು ಸಲ ಉಲ್ಬಣಿಸುತ್ತದೆ. ಕಳೆದ ಒಂದೂವರೆ ದಶಕದಲ್ಲಿ ಭಾರತ ಇದಕ್ಕೆ ತೆತ್ತಿರುವ ಬೆಲೆ ಸಣ್ಣದಲ್ಲ.

ತುರಿಸುವ ಮೂರು ಕಾಯಿಲೆಗಳನ್ನು ಹತ್ತಿರದಿಂದ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ.

ಮೊದಲನೆಯದು ಹುಳುಕಡ್ಡಿ, ಕೆಲವು ಕಡೆ ಗಜಕರ್ಣ ಎನ್ನುತ್ತಾರೆ. ಸೀರೆ, ಪಂಚೆ, ಪ್ಯಾಂಟು ಬಿಗಿಯುವ ಸೊಂಟದ ಸುತ್ತ, ಬೆವರು ನಿಲ್ಲುವ ತೊಡೆಸಂದಿಯಲ್ಲಿ, ಕಂಕುಳಲ್ಲಿ ಅದು ಉಂಗುರದಂತೆ ಹರಡುತ್ತದೆ. ಅಂಚು ಉಬ್ಬಿ ಕೆಂಪಾಗಿ ಹೊಟ್ಟು ಏಳುತ್ತದೆ, ನಡುಭಾಗ ತಿಳಿಯಾಗುತ್ತ ಬರುತ್ತದೆ. ಕಾರಣ ಶಿಲೀಂಧ್ರ. ಅನುಮಾನವಿದ್ದರೆ ವೈದ್ಯರು ಅಂಚಿನ ಹೊಟ್ಟನ್ನು ಮೊಂಡು ಬ್ಲೇಡಿನಿಂದ ಗಾಜಿನ ಪಟ್ಟಿಯ ಮೇಲೆ ಕೆರೆದುಕೊಂಡು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ ಬಿಟ್ಟು, ಸ್ವಲ್ಪ ಹೊತ್ತು ಕಾದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಚರ್ಮದ ಜೀವಕೋಶಗಳು ಕರಗಿ ತಿಳಿಯಾದ ಹಿನ್ನೆಲೆಯಲ್ಲಿ ಕವಲೊಡೆದ ಎಳೆಗಳು ಅಡ್ಡಾದಿಡ್ಡಿ ಹಾದುಹೋಗಿರುವುದು ಕಾಣುತ್ತದೆ. ಪರೀಕ್ಷೆಗೆ ದುಬಾರಿ ಯಂತ್ರವೇನೂ ಬೇಕಿಲ್ಲ. ಎಳೆ ಕಂಡರೆ ಚಿಕಿತ್ಸೆ ಶಿಲೀಂಧ್ರನಾಶಕ. ಅದೂ ಮಚ್ಚೆ ಮಾಯವಾದ ಮೇಲೂ ಕೆಲವು ವಾರ.

ಎರಡನೆಯದು ಕಜ್ಜಿ. ಇದು ಕಣ್ಣಿಗೆ ಕಾಣುವುದೂ ಕಷ್ಟವಾದಷ್ಟು ಸಣ್ಣ ನುಸಿಯ ಕೆಲಸ. ಹೆಣ್ಣು ನುಸಿ ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆದು ಮೊಟ್ಟೆ ಇಡುತ್ತದೆ. ಬೆರಳಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ, ಸೊಂಟ ಇದರ ಜಾಗ; ರಾತ್ರಿ ಮಲಗಿದಾಗ ತುರಿಕೆ ವಿಪರೀತ. 1687ರಲ್ಲೇ ಇಟಲಿಯ ಬೊನೊಮೊ ಮತ್ತು ಚೆಸ್ಟೋನಿ ಈ ನುಸಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗದ ಕಾರಣ ಇದೇ ಎಂದು ಬರೆದಿದ್ದರು. ಇದರ ಚಿಕಿತ್ಸೆಯ ರೀತಿಯೇ ಬೇರೆ. ಶೇ 5ರ ಪರ್ಮೆಥ್ರಿನ್ ಕ್ರೀಮನ್ನು ತುರಿಸುವ ಜಾಗಕ್ಕಷ್ಟೇ ಹಚ್ಚಿದರೆ ಸಾಲದು; ಕುತ್ತಿಗೆಯಿಂದ ಅಂಗಾಲಿನವರೆಗೆ ಬಳಿದು ರಾತ್ರಿಯಿಡೀ ಬಿಡಬೇಕು. ಮನೆಮಂದಿಯೆಲ್ಲ, ತುರಿಕೆ ಇಲ್ಲದವರೂ ಸೇರಿ, ಒಂದೇ ದಿನ ಹಚ್ಚಿಕೊಳ್ಳಬೇಕು. ವಾರದ ಬಳಿಕ ಇನ್ನೊಮ್ಮೆ. ‘ಕಜ್ಜಿ’ ಎಂಬ ಎರಡಕ್ಷರ ಕಿವಿಗೆ ಬೀಳದಿದ್ದರೆ ಯಾವ ಮನೆಯವರೂ ಇಷ್ಟೆಲ್ಲ ಮಾಡುವುದಿಲ್ಲ. ಒಬ್ಬರಿಗೆ ವಾಸಿಯಾಗುವ ಹೊತ್ತಿಗೆ ಇನ್ನೊಬ್ಬರಿಂದ ಮರಳಿ ಅಂಟಿರುತ್ತದೆ.

ಮೂರನೆಯದು ಇಸುಬು. ಇಲ್ಲಿ ಶಿಲೀಂಧ್ರವೂ ಇಲ್ಲ, ನುಸಿಯೂ ಇಲ್ಲ. ಚರ್ಮದ ರಕ್ಷಣಾಪದರ ದುರ್ಬಲವಾಗಿ, ಒಳಗಿನ ಪ್ರತಿರೋಧ ವ್ಯವಸ್ಥೆ ಅತಿಯಾಗಿ ಕೆರಳಿರುತ್ತದೆ. ನೀರೊಸರುತ್ತದೆ, ಹಕ್ಕಳೆ ಕಟ್ಟುತ್ತದೆ, ಹಳೆಯದಾದರೆ ಚರ್ಮ ದಪ್ಪಗಟ್ಟಿ ಕಪ್ಪಾಗುತ್ತದೆ. ಇದಕ್ಕೆ ತೇವ ಉಳಿಸುವ ಮುಲಾಮು ಬೇಕು, ವೈದ್ಯರು ಹೇಳಿದಷ್ಟು ದಿನ ಸ್ಟೀರಾಯ್ಡ್ ಮುಲಾಮೂ ಬೇಕು. ಇಸುಬಿಗೆ ಮದ್ದಾಗುವ ಅದೇ ಸ್ಟೀರಾಯ್ಡ್ ಹುಳುಕಡ್ಡಿಗೆ ಗೊಬ್ಬರ.

ಮೂರಕ್ಕೂ ತುರಿಕೆ ಇದೆ, ಮೂರರಲ್ಲೂ ಚರ್ಮ ಕೆಂಪಾಗುತ್ತದೆ. ಮೂರನ್ನೂ ‘ಅಲರ್ಜಿ’ ಎಂದು ಕರೆದ ಕ್ಷಣದಲ್ಲಿ ಅವುಗಳ ನಡುವಿನ ಗೆರೆ ಅಳಿಸಿಹೋಗುತ್ತದೆ. ಅಲರ್ಜಿ ಎಂಬ ಪದವನ್ನು 1906ರಲ್ಲಿ ರೂಪಿಸಿದವನು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ದೇಹ ಹೊರಗಿನ ವಸ್ತುವಿಗೆ ತೋರುವ ಬದಲಾದ ಪ್ರತಿಕ್ರಿಯೆಗೆ ಆತ ಕೊಟ್ಟ ಹೆಸರು ಅದು. ಮೈಮೇಲೆ ದಿಢೀರನೆ ಎದ್ದು ಕೆಲವೇ ಗಂಟೆಗಳಲ್ಲಿ ಇಳಿದುಹೋಗುವ ಗಂಧೆ ಹಲವೊಮ್ಮೆ ಅಲರ್ಜಿಯೇ. ಆರು ತಿಂಗಳಿಂದ ಸೊಂಟದ ಸುತ್ತ ಹಬ್ಬುತ್ತಿರುವ ಉಂಗುರ ಅಲರ್ಜಿಯಲ್ಲ.

ಹೀಗೆ ಹೆಸರಿಲ್ಲದ ರೋಗಕ್ಕೆ ಅಂಗಡಿಯಲ್ಲಿ ಸಿಗುವುದು ಎಂಥ ಟ್ಯೂಬು? ಅದರ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಬೇಕು. ಅನೇಕ ಟ್ಯೂಬುಗಳಲ್ಲಿ ಒಂದು ಶಿಲೀಂಧ್ರನಾಶಕ, ಒಂದು ಆ್ಯಂಟಿಬಯಾಟಿಕ್, ಜತೆಗೆ ಕ್ಲೊಬೆಟಸಾಲ್ ಅಥವಾ ಬೀಟಾಮೆಥಸೋನ್ ಇರುತ್ತದೆ. ಕೊನೆಯವೆರಡು ಸ್ಟೀರಾಯ್ಡ್‌ಗಳು, ಕ್ಲೊಬೆಟಸಾಲ್ ಅಂತೂ ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ ಅತಿ ಪ್ರಬಲವಾದ ಗುಂಪಿಗೆ ಸೇರಿದ್ದು. ಯಾವ ರೋಗವೆಂದು ತಿಳಿಯದಿದ್ದರೂ ಯಾವುದೋ ಒಂದು ಔಷಧ ತಾಗಲಿ ಎಂಬ ಲೆಕ್ಕಾಚಾರ ಈ ಮಿಶ್ರಣದ ಹಿಂದಿದೆ. ಹೆಸರು ಬೇಡ ಎಂಬ ಮನೋಭಾವವೇ ಇಲ್ಲಿ ಟ್ಯೂಬಿನ ರೂಪ ತಾಳಿದೆ.

ಸ್ಟೀರಾಯ್ಡ್ ಯಾವ ಕಾರಣಕ್ಕೆ ಬಂದ ಕೆಂಪನ್ನಾದರೂ ತುರಿಕೆಯನ್ನಾದರೂ ಎರಡು ಮೂರು ದಿನದಲ್ಲಿ ತಗ್ಗಿಸಬಲ್ಲದು. ರೋಗಿಗೆ ಗುಣವಾದಂತೆ ಅನ್ನಿಸುತ್ತದೆ, ಅಂಗಡಿಯವರ ಮೇಲೆ ವಿಶ್ವಾಸ ಹೆಚ್ಚುತ್ತದೆ. ಆದರೆ ಶಿಲೀಂಧ್ರದ ವಿರುದ್ಧ ಹೋರಾಡುತ್ತಿದ್ದ ಚರ್ಮದ ಪ್ರತಿರೋಧವನ್ನೂ ಅದು ಅಡಗಿಸಿರುತ್ತದೆ. ಹಚ್ಚುವುದನ್ನು ಬಿಟ್ಟ ಕೂಡಲೇ ಉಂಗುರ ಇಮ್ಮಡಿಯಾಗಿ ಮರಳುತ್ತದೆ. ಮತ್ತೆ ಟ್ಯೂಬು. ಹೀಗೆ ತಿಂಗಳುಗಟ್ಟಲೆ ಹಚ್ಚಿದವರ ತೊಡೆಸಂದಿಯ ಚರ್ಮ ತೆಳುವಾಗಿ, ಬಸುರಿನ ಬಳಿಕ ಹೊಟ್ಟೆಯ ಮೇಲೆ ಉಳಿಯುವಂಥ ಅಗಲ ಬರೆಗಳು ಮೂಡುತ್ತವೆ. ಆ ಬರೆ ಮತ್ತೆ ಪೂರ್ತಿ ಅಳಿಯುವುದಿಲ್ಲ. ಉಂಗುರದ ಅಂಚು ಮಸುಕಾಗುವುದರಿಂದ ಮುಂದೆ ನೋಡುವ ವೈದ್ಯರಿಗೂ ಇದು ಹುಳುಕಡ್ಡಿಯೆಂದು ಗುರುತಿಸುವುದು ಕಷ್ಟ. ಸ್ಟೀರಾಯ್ಡ್‌ನಿಂದ ಗುರುತು ಮರೆಸಿಕೊಂಡ ಈ ಹುಳುಕಡ್ಡಿಗೆ 1968ರಲ್ಲೇ ಬ್ರಿಟನ್ನಿನ ವೈದ್ಯರು ‘ಟೀನಿಯಾ ಇನ್‌ಕಾಗ್ನಿಟೊ’ ಎಂದು ಹೆಸರಿಟ್ಟು ಎಚ್ಚರಿಸಿದ್ದರು. ಎಚ್ಚರಿಕೆ ಬಂದು ಅರ್ಧ ಶತಮಾನ ಕಳೆದ ಮೇಲೂ ಇಲ್ಲಿ ಅದೇ ಕೆಲಸ ಊರೂರಿನಲ್ಲಿ ನಡೆದಿದೆ.

ಹಾನಿ ಒಬ್ಬಿಬ್ಬರ ಮೈಗೆ ನಿಂತಿಲ್ಲ. ಒಂದು ಕಾಲಕ್ಕೆ ಕೆಲವೇ ವಾರಗಳಲ್ಲಿ ಬಗ್ಗುತ್ತಿದ್ದ ಹುಳುಕಡ್ಡಿ ಈಗ ಭಾರತದಲ್ಲಿ ಹಟಮಾರಿ ರೋಗವಾಗಿದೆ. 2020ರಲ್ಲಿ ಜಪಾನಿನ ಸಂಶೋಧಕರು ಭಾರತ ಮತ್ತು ನೇಪಾಳ ಮೂಲದ ರೋಗಿಗಳಲ್ಲಿ ಸಿಕ್ಕ ಶಿಲೀಂಧ್ರವನ್ನು ‘ಟ್ರೈಕೊಫೈಟಾನ್ ಇಂಡೊಟಿನಿಯೆ’ ಎಂಬ ಪ್ರತ್ಯೇಕ ಪ್ರಭೇದವಾಗಿ ವರ್ಣಿಸಿದರು. ಹುಳುಕಡ್ಡಿಗೆ ಮೊದಲ ಆಯ್ಕೆಯಾಗಿದ್ದ ಟರ್ಬಿನಾಫಿನ್ ಔಷಧಕ್ಕೆ ಇದರ ಅನೇಕ ತಳಿಗಳು ಜಗ್ಗುವುದಿಲ್ಲ. 2023ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ನ್ಯೂಯಾರ್ಕಿನ ಇಬ್ಬರಲ್ಲಿ ಇದೇ ಶಿಲೀಂಧ್ರ ಕಂಡುಬಂದುದನ್ನು ವರದಿ ಮಾಡಿತು. ಸ್ಟೀರಾಯ್ಡ್ ಬೆರೆತ ಕ್ರೀಮುಗಳ ಅತಿಬಳಕೆ ಈ ಬೆಳವಣಿಗೆಯ ಮುಖ್ಯ ಕಾರಣಗಳಲ್ಲಿ ಒಂದೆಂದು ಚರ್ಮರೋಗ ತಜ್ಞರು ಮತ್ತೆ ಮತ್ತೆ ಹೇಳಿದ್ದಾರೆ. ‘ಮೇಲುಮೇಲಿನ ಕಾಯಿಲೆ’ ಎಂದು ತಾತ್ಸಾರ ಮಾಡಿದ್ದು ಇಂದು ದೇಶಗಳ ಗಡಿ ದಾಟಿದೆ.

ಮುಖದ ಕತೆ ಇನ್ನೂ ನೋವಿನದು. ಮೊಡವೆ, ಬಂಗು, ಬಿಸಿಲಿನ ಕಪ್ಪು ಇವು ಮೂರು ಬೇರೆ ಬೇರೆ ಸಂಗತಿಗಳು. ಮೂರಕ್ಕೂ ಒಂದೇ ‘ಬೆಳ್ಳಗಾಗುವ ಕ್ರೀಮು’ ಕೊಳ್ಳುವ ರೂಢಿ ಬೆಳೆದಿದೆ. ಹೈಡ್ರೊಕ್ವಿನೋನ್, ಟ್ರೆಟಿನಾಯ್ನ್ ಮತ್ತು ಒಂದು ಸ್ಟೀರಾಯ್ಡ್ ಸೇರಿದ ಮಿಶ್ರಣವನ್ನು 1975ರಲ್ಲಿ ಅಮೆರಿಕದ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಪ್ರಕಟಿಸಿದರು. ಬಂಗಿಗೆ, ವೈದ್ಯರ ಕಣ್ಗಾವಲಿನಲ್ಲಿ, ಸೀಮಿತ ಅವಧಿಗೆ ಬಳಸಬೇಕಾದ ಔಷಧ ಅದು. ಇಲ್ಲಿ ಅದೇ ಬಗೆಯ ಮಿಶ್ರಣ ಸ್ನೋ ಪೌಡರಿನ ಸಾಲಿಗೆ ಸೇರಿತು. 2011ರಲ್ಲಿ ಪ್ರಕಟವಾದ, ದೇಶದ 12 ಕೇಂದ್ರಗಳ ಅಧ್ಯಯನವೊಂದರಲ್ಲಿ ಮುಖದ ಚರ್ಮದ ತೊಂದರೆಯಿಂದ ಬಂದ 2926 ಮಂದಿಯನ್ನು ವಿಚಾರಿಸಿದಾಗ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಅದನ್ನು ಹೇಳಿಕೊಟ್ಟವರು ವೈದ್ಯರಲ್ಲ. ಕೆಂಪೇರಿದ, ಉರಿಯುವ, ಬಿಸಿಲು ತಾಳದ, ಕೂದಲೆದ್ದ, ಮೊಡವೆ ತುಂಬಿದ ಮುಖ. ಕ್ರೀಮು ಬಿಟ್ಟರೆ ಇನ್ನಷ್ಟು ಉರಿ. ಭಾರತದ ತಜ್ಞರು ಈ ಸ್ಥಿತಿಗೆ ‘ಸ್ಟೀರಾಯ್ಡ್‌ನಿಂದ ಹಾಳಾದ ಮುಖ’ ಎಂದೇ ಹೆಸರು ಕೊಡಬೇಕಾಯಿತು.

ಕಾನೂನು ತಡವಾಗಿ ಎಚ್ಚೆತ್ತಿತು. 2018ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೀರಾಯ್ಡ್‌ಗಳನ್ನು ಷೆಡ್ಯೂಲ್ ‘ಎಚ್’ ಪಟ್ಟಿಗೆ ಬಿಗಿಯಾಗಿ ಸೇರಿಸಿತು. ಎಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಿಷೇಧಿಸಿದ 328 ಔಷಧ ಮಿಶ್ರಣಗಳ ಪಟ್ಟಿಯಲ್ಲಿ ಇಂಥ ಹಲವು ಕ್ರೀಮುಗಳೂ ಇದ್ದವು. ಆದರೆ ಚೀಟಿ ಕೇಳುವ ಅಂಗಡಿ ಇಂದಿಗೂ ಅಪರೂಪ. ರೋಗಕ್ಕೊಂದು ಹೆಸರಿದೆ, ಅದನ್ನು ತಿಳಿದೇ ಔಷಧ ಕೊಳ್ಳಬೇಕು ಎಂಬ ಅರಿವು ಜನರಲ್ಲಿ ಮೂಡದ ಹೊರತು ಕಾನೂನೊಂದೇ ಏನನ್ನೂ ಮಾಡಲಾರದು.

ಹೆಸರು ಹೇಳಿದರೆ ರೋಗಿ ಹೆದರುತ್ತಾನೆ, ಹೇಳದಿರುವುದೇ ದಯೆ ಎನ್ನುವವರಿದ್ದಾರೆ. ಈ ಮಾತಿಗೆ ಕುಷ್ಠ ಮತ್ತು ತೊನ್ನಿನ ಇತಿಹಾಸವೇ ಉತ್ತರ. ಚರಕ ಸಂಹಿತೆ 18 ಬಗೆಯ ಕುಷ್ಠಗಳನ್ನು ಎಣಿಸುತ್ತದೆ. ಅಲ್ಲಿ ಕುಷ್ಠವೆಂದರೆ ಚರ್ಮರೋಗಗಳ ದೊಡ್ಡ ಗುಂಪು. ದದ್ರು, ಪಾಮಾ, ವಿಚರ್ಚಿಕಾ ಎಲ್ಲವೂ ಅದರೊಳಗೇ ಬರುತ್ತವೆ. ಮುಂದೆ ಆ ಪದ ಒಂದೇ ರೋಗಕ್ಕೆ ಅಂಟಿಕೊಂಡಿತು. ಆದರೆ ಹಳೆಯ ವಿಶಾಲ ಅರ್ಥದ ನೆರಳು ಉಳಿದು, ಅಂಟುರೋಗವೇ ಅಲ್ಲದ ತೊನ್ನನ್ನೂ ‘ಬಿಳಿ ಕುಷ್ಠ’ ಎಂದು ಕರೆಯುವುದು ಚಾಲ್ತಿಗೆ ಬಂತು. ತೊನ್ನಿನಲ್ಲಿ ಬಣ್ಣ ಕೊಡುವ ಜೀವಕೋಶಗಳನ್ನು ದೇಹದ ಪ್ರತಿರೋಧ ವ್ಯವಸ್ಥೆಯೇ ನಾಶ ಮಾಡುತ್ತದೆ. ಮಚ್ಚೆ ಹಾಲಿನಂತೆ ಬಿಳಿ, ಮುಟ್ಟಿದರೆ ಸ್ಪರ್ಶ ಗೊತ್ತಾಗುತ್ತದೆ, ಯಾರಿಗೂ ಅಂಟುವುದಿಲ್ಲ. ಕುಷ್ಠದ ಮಚ್ಚೆ ಪೂರ್ತಿ ಬಿಳಿಯಲ್ಲ, ಸುತ್ತಲಿನ ಚರ್ಮಕ್ಕಿಂತ ಮಾಸಲು ಅಥವಾ ಕೆಂಪು. ಕಣ್ಣು ಮುಚ್ಚಿಸಿ ಹತ್ತಿಯ ಎಳೆ ಸೋಕಿಸಿದರೆ ಅಲ್ಲಿ ಸ್ಪರ್ಶ ತಿಳಿಯುವುದಿಲ್ಲ. ಇಷ್ಟು ಸರಳವಾದ ವ್ಯತ್ಯಾಸವನ್ನು ಹೇಳಿಕೊಡದೆ, ತಪ್ಪು ಹೆಸರಿನಿಂದಾಗಿ ಎಷ್ಟೋ ಹೆಣ್ಣುಮಕ್ಕಳ ಮದುವೆ ಮುರಿದಿವೆ, ಎಷ್ಟೋ ಮಕ್ಕಳು ಶಾಲೆಯಲ್ಲಿ ಒಂಟಿಯಾಗಿ ಕುಳಿತಿದ್ದಾರೆ.

ಕುಷ್ಠದ ಹೆಸರನ್ನು ಮರೆಮಾಚಿದ್ದರ ಫಲವೂ ಒಳ್ಳೆಯದಲ್ಲ. 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಅದರ ರೋಗಾಣುವನ್ನು ಗುರುತಿಸಿದ. 1980ರ ದಶಕದಿಂದ ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೊಫಜಿಮಿನ್ ಸೇರಿದ ಬಹುಔಷಧ ಚಿಕಿತ್ಸೆ ಬಂದಿದೆ. 6 ಅಥವಾ 12 ತಿಂಗಳಲ್ಲಿ ರೋಗ ಗುಣವಾಗುತ್ತದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ. 1898ರ ಕುಷ್ಠರೋಗಿಗಳ ಕಾಯ್ದೆ 2016ರಲ್ಲಿ ರದ್ದಾಯಿತು. ವಿಚ್ಛೇದನಕ್ಕೆ ಕುಷ್ಠ ಕಾರಣವಾಗಬಹುದೆಂಬ ನಿಯಮವನ್ನು 2019ರಲ್ಲಿ ಸಂಸತ್ತು ತೆಗೆದುಹಾಕಿತು. ಆದರೂ ಜಗತ್ತಿನ ಹೊಸ ಕುಷ್ಠ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾರತದಲ್ಲೇ ಪತ್ತೆಯಾಗುತ್ತಿವೆ. ಮರಗಟ್ಟಿದ ಮಚ್ಚೆಗೆ ತಿಂಗಳುಗಟ್ಟಲೆ ‘ಅಲರ್ಜಿ’ ಮುಲಾಮು ಹಚ್ಚುತ್ತ ಕುಳಿತರೆ ಆ ಅವಧಿಯಲ್ಲಿ ನರಗಳು ಸಾಯುತ್ತವೆ, ಬೆರಳು ಮಡಚಿಕೊಳ್ಳುತ್ತವೆ. ರೋಗಾಣುವನ್ನು ಔಷಧ ಕೊಂದರೂ ಸತ್ತ ನರ ಮರಳಿ ಬರುವುದಿಲ್ಲ. ಹೆಸರು ಹೇಳದಿರುವುದು ದಯೆಯಲ್ಲ.

ಇನ್ನು ಕನ್ನಡದಲ್ಲಿ ಪದಗಳಿಲ್ಲ ಎಂಬ ಮಾತು. ಇದು ಕನ್ನಡವನ್ನೂ ಅರಿಯದ, ಚರ್ಮವಿಜ್ಞಾನದ ಚರಿತ್ರೆಯನ್ನೂ ಅರಿಯದ ಮಾತು. ಲಂಡನ್ನಿನ ರಾಬರ್ಟ್ ವಿಲ್ಲನ್ 1808ರಲ್ಲಿ ಹೊರತಂದ ಗ್ರಂಥದಲ್ಲಿ ಚರ್ಮರೋಗಗಳನ್ನು ಕಣ್ಣಿಗೆ ಕಾಣುವ ಲಕ್ಷಣದ ಮೇಲೆ ಎಂಟು ವರ್ಗಗಳಾಗಿ ವಿಂಗಡಿಸುವ ಕ್ರಮವನ್ನು ನೆಲೆಗೊಳಿಸಿದ. ಗುಳ್ಳೆಯೇ, ಹೊಟ್ಟೇ, ದದ್ದೇ, ನೀರು ತುಂಬಿದ್ದೇ, ಕೀವು ತುಂಬಿದ್ದೇ, ಗಂಟೇ, ಮಚ್ಚೆಯೇ ಎಂಬಂಥ ಪ್ರಶ್ನೆಗಳೇ ಅವನ ವಿಂಗಡಣೆಯ ತಳಹದಿ. ಇಂದಿನ ವೈದ್ಯ ವಿದ್ಯಾರ್ಥಿ ಮೊದಲು ಕಲಿಯುವುದೂ ಅದನ್ನೇ. ಈ ಕಣ್ಣು ಕನ್ನಡಿಗರಿಗೆ ಹೊಸದಲ್ಲ. ಬೊಕ್ಕೆ, ಕುರು, ದದ್ದು, ಗಂಧೆ, ಹಕ್ಕಳೆ, ಹೊಟ್ಟು, ನರುಲಿ, ಆಣಿ, ಮಚ್ಚೆ, ಸಿಬ್ಬು, ಬಂಗು, ಬೆವರುಸಾಲೆ ಒಂದೊಂದೂ ಬೇರೆ ಬೇರೆ ವಸ್ತು, ಒಂದನ್ನು ಇನ್ನೊಂದೆಂದು ಹಳ್ಳಿಯ ಅಜ್ಜಿ ಎಂದೂ ಹೇಳುತ್ತಿರಲಿಲ್ಲ. ಡಿ.ಎಸ್. ಶಿವಪ್ಪ, ಪಿ.ಎಸ್. ಶಂಕರ್ ಅವರಂಥ ವೈದ್ಯ ಲೇಖಕರು ಕನ್ನಡದ ವೈದ್ಯಪದಗಳಿಗಾಗಿ ದಶಕಗಳ ಕಾಲ ದುಡಿದಿದ್ದಾರೆ. ಪದಸಂಪತ್ತು ಇದೆ, ಅದನ್ನು ಆಸ್ಪತ್ರೆಯ ಕೋಣೆಯೊಳಗೆ ಬಿಟ್ಟುಕೊಳ್ಳುತ್ತಿಲ್ಲ.

ನಾಡಪದಗಳಲ್ಲಿ ದೋಷವಿಲ್ಲವೆಂದಲ್ಲ. ಹುಳುಕಡ್ಡಿಯಲ್ಲಿ ಹುಳುವಿಲ್ಲ, ಇಂಗ್ಲಿಷಿನ ರಿಂಗ್‌ವರ್ಮ್‌ನಲ್ಲೂ ಇಲ್ಲ. ಸರ್ಪಸುತ್ತು ಎಂಬ ಹೆಸರಿನ ಬೆನ್ನಿಗೆ ಹಾವಿನ ತಲೆ ಬಾಲ ಕೂಡಿದರೆ ಸಾವು ಎಂಬ ಭಯ ಅಂಟಿಕೊಂಡಿದೆ. ಜನ ಕೆಮ್ಮಣ್ಣು ಬಳಿಸಿಕೊಂಡು ಕೂರುತ್ತಾರೆ. ಸರ್ಪಸುತ್ತೆಂದರೆ ಸೀತಾಳೆಸಿಡುಬಿನ ವೈರಾಣು ನರದಲ್ಲಿ ವರ್ಷಗಟ್ಟಲೆ ಅಡಗಿದ್ದು ಮತ್ತೆ ಎದ್ದ ರೋಗ. ಒಂದು ನರದ ಹಾದಿ ಹಿಡಿದು ಸಾಮಾನ್ಯವಾಗಿ ಮೈಯ ಒಂದೇ ಪಕ್ಕಕ್ಕೆ ನಿಲ್ಲುತ್ತದೆ. ಗುಳ್ಳೆ ಎದ್ದ 72 ಗಂಟೆಯೊಳಗೆ ಏಸೈಕ್ಲೊವಿರ್‌ನಂಥ ಔಷಧ ಆರಂಭಿಸಿದರೆ ಹೆಚ್ಚು ಫಲ. ಇಲ್ಲಿ ವೈದ್ಯರು ಮಾಡಬೇಕಾದದ್ದು ‘ಸರ್ಪಸುತ್ತು’ ಎಂಬ ಪದವನ್ನು ಹಳ್ಳಿಗರ ಮೌಢ್ಯವೆಂದು ತಳ್ಳುವುದಲ್ಲ. ಆ ಹೆಸರನ್ನೇ ಹಿಡಿದು, ಜತೆಗೆ ಹರ್ಪಿಸ್ ಜೋಸ್ಟರ್ ಎಂದೂ ಹೇಳಿ, ಮೂರು ದಿನದ ಗಡುವನ್ನು ಮನದಟ್ಟು ಮಾಡುವುದು. ನಾಡಪದ ಸಾಲದೆ ಹೊಸ ಪದ ಬೇಕಾದಲ್ಲಿ, ಸೋರಿಯಾಸಿಸ್‌ನಂಥ ರೋಗಕ್ಕೆ ಸೋರಿಯಾಸಿಸ್ ಎಂದೇ ಹೇಳಲಿ. ಕನ್ನಡಿಗರ ನಾಲಿಗೆ ಅದಕ್ಕೆ ಒಗ್ಗಿದೆ. ಆ ಹೆಸರು ಕೂಡ ಸುಲಭಕ್ಕೆ ಸಿಕ್ಕಿದ್ದಲ್ಲ. ಯುರೋಪಿನಲ್ಲೂ ಅದು ಬಹುಕಾಲ ಕುಷ್ಠದೊಂದಿಗೆ ಬೆರೆತಿತ್ತು. 1841ರಲ್ಲಿ ವಿಯೆನ್ನಾದ ಹೆಬ್ರಾ ಎರಡನ್ನೂ ಸ್ಪಷ್ಟವಾಗಿ ಬೇರ್ಪಡಿಸಿದ ಮೇಲೆ ಆ ರೋಗಿಗಳು ಕುಷ್ಠದ ಕಳಂಕದಿಂದ ಹೊರಬಂದರು.

ರೋಗದ ಹೆಸರಿನಷ್ಟೇ ಚಿಕಿತ್ಸೆಯ ಮಾತೂ ಮಸುಕಾಗಿದೆ. ‘ತೆಳ್ಳಗೆ ಹಚ್ಚಿ’ ಎಂದರೆ ಎಷ್ಟು? ಇದಕ್ಕೆ 1991ರಲ್ಲೇ ಒಂದು ಅಳತೆ ಬಂದಿದೆ. ಟ್ಯೂಬಿನಿಂದ ತೋರುಬೆರಳ ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ವಯಸ್ಕರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಕನ್ನಡದಲ್ಲಿ ‘ಬೆರಳತುದಿಯಷ್ಟು’ ಎಂದರೆ ಯಾರಿಗಾದರೂ ತಿಳಿಯುತ್ತದೆ. ಜಿಡ್ಡಿನ ಆಯಿಂಟ್‌ಮೆಂಟ್ ಒಣಗಿ ದಪ್ಪಗಟ್ಟಿದ ಚರ್ಮಕ್ಕೆ, ಹಗುರಾದ ಕ್ರೀಮು ಒಸರುವ ಜಾಗಕ್ಕೆ, ಲೋಷನ್ ಕೂದಲಿರುವ ಕಡೆಗೆ ಎಂಬ ವ್ಯತ್ಯಾಸವನ್ನೂ ಎರಡು ವಾಕ್ಯದಲ್ಲಿ ಹೇಳಿ ಮುಗಿಸಬಹುದು. ‘ಇದರಲ್ಲಿ ಸ್ಟೀರಾಯ್ಡ್ ಇದೆ, ಇಷ್ಟು ದಿನ ಮಾತ್ರ’ ಎಂಬ ಒಂದು ವಾಕ್ಯ ಎಷ್ಟೋ ಮುಖಗಳನ್ನು ಉಳಿಸುತ್ತದೆ.

ಸಮಯವಿಲ್ಲ, ಹೊರಗೆ ಸಾಲು ನಿಂತಿದೆ ಎಂಬ ವೈದ್ಯರ ಅಳಲು ಸುಳ್ಳಲ್ಲ. ತಾಲ್ಲೂಕುಗಳಲ್ಲಿ ಚರ್ಮತಜ್ಞರು ಕಡಿಮೆ. ಕೂಲಿ ಬಿಟ್ಟು ಜಿಲ್ಲಾಸ್ಪತ್ರೆಗೆ ಹೋಗುವುದು ಬಡವರಿಗೆ ಭಾರ. ಆದರೆ ಒಂದು ಹೆಸರು ಬರೆಯಲು ಅರ್ಧ ನಿಮಿಷ ಬೇಡ. ಹೆಸರು ತಪ್ಪಿದ ರೋಗಿ ನಾಲ್ಕು ಸಲ ಮರಳಿ ಬಂದು ಅದೇ ಸಾಲನ್ನು ಉದ್ದ ಮಾಡುತ್ತಾನೆ, ನಾಲ್ಕು ದಿನದ ಕೂಲಿಯನ್ನೂ ಕಳೆದುಕೊಳ್ಳುತ್ತಾನೆ.

ಆದ್ದರಿಂದ ಆಗಬೇಕಾದದ್ದು ಇಷ್ಟು. ವೈದ್ಯರು ಚೀಟಿಯ ಮೇಲ್ಭಾಗದಲ್ಲಿ ರೋಗದ ಹೆಸರನ್ನು ಕನ್ನಡದಲ್ಲಿ ಬರೆಯಲಿ, ಅನುಮಾನವಿದ್ದರೆ ‘ಅನುಮಾನ’ ಎಂದೇ ಬರೆಯಲಿ. ಸ್ಟೀರಾಯ್ಡ್ ಇರುವ ಟ್ಯೂಬಿನ ಮೇಲೆ ಅದನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಮುದ್ರಿಸುವಂತೆ ರಾಜ್ಯ ಸರ್ಕಾರ ಒತ್ತಾಯಿಸಲಿ. ಹುಳುಕಡ್ಡಿ, ಕಜ್ಜಿ, ಇಸುಬು, ಮರಗಟ್ಟಿದ ಮಚ್ಚೆ ಈ ನಾಲ್ಕರ ಚಿತ್ರಗಳನ್ನು ಆಶಾ ಕಾರ್ಯಕರ್ತೆಯರ ಕೈಗೆ ಕೊಡಲಿ. ಓದುಗರು ಕೂಡ ಇಂದೇ ಮನೆಯಲ್ಲಿರುವ ಟ್ಯೂಬುಗಳನ್ನು ತಿರುಗಿಸಿ ಹಿಂಬದಿ ಓದಲಿ: ಕ್ಲೊಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಎಂದಿದ್ದು, ವೈದ್ಯರ ಚೀಟಿ ಇಲ್ಲದೆ ಕೊಂಡದ್ದಾದರೆ ಇನ್ನೊಬ್ಬರಿಗೆ ದಾಟಿಸಬೇಡಿ, ಬಹುದಿನದಿಂದ ಹಚ್ಚುತ್ತಿದ್ದರೆ ಟ್ಯೂಬನ್ನೇ ಕೈಯಲ್ಲಿ ಹಿಡಿದು ಚರ್ಮವೈದ್ಯರ ಬಳಿ ಹೋಗಿ, ‘ನನಗಿರುವ ಕಾಯಿಲೆಯ ಹೆಸರೇನು’ ಎಂದು ಕೇಳಿ, ಬರೆಸಿಕೊಂಡು ಬನ್ನಿ.